ಗೋದಾಮಿನ ಅತ್ತಿಗೆ

ಆ ರಾಸಾಯನಿಕ ಗೋದಾಮಿನ ಉಸ್ತುವಾರಿ ಹೊತ್ತವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳ ಗಂಡನ ತಮ್ಮ ಅಲ್ಲೇ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಅವನ ಬಾಯಿಂದ ಹೊರಟ ಹೆಸರು, ಅವಳಿಗಿಂತ ಹಿರಿಯನಾದ ಕಾವಲುಗಾರನ ಬಾಯಲ್ಲೂ ನಿಂತುಬಿಟ್ಟಿತ್ತು.

ಯಾರ ಪಕ್ಕ ಯಾರನ್ನು ಕೂರಿಸಬಾರದು ಎಂದು ಗೊತ್ತಿದ್ದರೆ ಅರ್ಧ ಸಂಸಾರ ನಡೆದಂತೆ ಎನ್ನುತ್ತಿದ್ದಳು ಅವಳು. ಆ್ಯಸಿಡ್ಡಿಗೆ ಬೇರೆ ಕೋಣೆ. ಬ್ಲೀಚಿಂಗ್ ಪೌಡರಿನ ಚೀಲಗಳು ಇನ್ನೊಂದು ತುದಿಗೆ.

"ಇವು ಎಣ್ಣೆ-ಸೀಗೆಕಾಯಿ. ಜಗಳ ಆಡೋದು ಅವು, ಸಾಯೋದು ನಾವು" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದಳು.

ಆಗಾಗ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೋಡಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಗಾಳಿ ಸಿಲಿಂಡರಿನ ಮುಖವಾಡ ತೊಟ್ಟ ಮೈದುನ, "ಈ ಮುಖ ಹೊತ್ಕೊಂಡು ಮನೆಗೆ ಹೋದ್ರೆ ಅಮ್ಮ ಊಟ ಹಾಕಲ್ಲ ಅತ್ತಿಗೆ" ಎಂದು ನಗಿಸುತ್ತಿದ್ದ.

ಒಂದು ಮಧ್ಯಾಹ್ನ ಆ್ಯಸಿಡ್ ಕ್ಯಾನುಗಳ ಲಾರಿ ಬಂತು. ಕೋಣೆ ಆಗಲೇ ಭರ್ತಿಯಾಗಿತ್ತು. ಅತ್ತಿಗೆ ಕಚೇರಿಯಲ್ಲಿದ್ದಳು, ಮೈದುನನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಊಟ ಆಗೋವರೆಗೆ ತಾನೇ ಎಂದುಕೊಂಡು ಕ್ಯಾನುಗಳನ್ನು ಬ್ಲೀಚಿಂಗ್ ಚೀಲಗಳ ಪಕ್ಕ ಇಳಿಸಿ ಹೋದ. ಫೋರ್ಕ್‌ಲಿಫ್ಟಿನ ಮೊನೆ ತಗುಲಿ ಒಂದು ಕ್ಯಾನು ಸೀಳಿಹೋಗಿ ಆ್ಯಸಿಡ್ ಚೀಲಗಳತ್ತ ಹರಿದದ್ದು ಅವನಿಗೆ ಕಾಣಲಿಲ್ಲ.

ಅತ್ತಿಗೆ ಕಚೇರಿಯಿಂದ ಹೊರಬಂದಾಗ ಘಾಟು ಮೂಗಿಗೆ ಬಡಿಯಿತು. ಗೋದಾಮಿನ ಬಾಗಿಲಲ್ಲಿ ಹಳದಿ-ಹಸಿರು ಮಬ್ಬು ನೆಲ ಹಿಡಿದು ಹರಿಯುತ್ತಿತ್ತು. ಕ್ಲೋರಿನ್ ಎಂದು ತಿಳಿಯಲು ಅವಳಿಗೆ ಎರಡನೇ ಉಸಿರು ಬೇಕಾಗಲಿಲ್ಲ. ಗಂಟೆ ಒತ್ತಿದಳು. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದಳು. ಪಕ್ಕದ ಬೀದಿಯವರು ಕಿಟಕಿ ಮುಚ್ಚಿಕೊಂಡು ಒಳಗಿರಲಿ ಎಂದು ಹೇಳಿಕಳಿಸಿದಳು.

"ಗಾಳಿ ಬರೋ ಕಡೆಗೆ ನಡೀರಿ. ದಿಬ್ಬದ ಮೇಲೆ."

ಜನ ನೂಕಾಡದೆ ನಡೆದರು. ಅಭ್ಯಾಸ ಕಾಲಿಗೆ ಇಳಿದಿತ್ತು. ದಿಬ್ಬದ ಮೇಲೆ ತಲೆ ಎಣಿಸಿದಾಗ ಲಾರಿ ಡ್ರೈವರ್ ಒಬ್ಬ ಕಡಿಮೆ.

"ನೆರಳಿದೆ ಅಂತ ಸರಕು ಇಳಿಸೋ ತಗ್ಗಲ್ಲಿ ಮಲಗಿದ್ದ" ಎಂದ ಕಾವಲುಗಾರ.

ಅತ್ತಿಗೆ ಗೇಟಿನತ್ತ ಓಡಿದಳು. ಆ ವಿಷಗಾಳಿ ನೀರಿನ ಹಾಗೆ ತಗ್ಗನ್ನೇ ಹುಡುಕುವುದು. ಮುಖವಾಡಗಳು ಗೇಟಿನ ಕೋಣೆಯಲ್ಲಿದ್ದವು. ಅವಳು ಒಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಮೈದುನ ಇನ್ನೊಂದನ್ನು ತೊಡುತ್ತಿದ್ದ.

"ಕ್ಯಾನು ಅಲ್ಲಿಟ್ಟಿದ್ದು ನಾನು ಅತ್ತಿಗೆ. ನಾನೊಬ್ಬನೇ ಹೋಗ್ತೀನಿ."

"ಯಾರು ಇಟ್ರು ಅನ್ನೋದು ಆಮೇಲೆ. ಒಬ್ಬರೇ ಹೋಗೋ ಹಾಗಿಲ್ಲ. ಮುಖವಾಡದ ಪಟ್ಟಿ ತೋರ್ಸು." ಅವಳೇ ಅದನ್ನು ಬಿಗಿದು ತನ್ನ ಮುಖವಾಡ ತೊಟ್ಟಳು.

ಡ್ರೈವರ್ ತಗ್ಗಿನ ಮೆಟ್ಟಿಲಿನವರೆಗೆ ತೆವಳಿ ಬಂದು ಬಿದ್ದಿದ್ದ. ಇಬ್ಬರೂ ಅವನ ಕಂಕುಳಿಗೆ ಕೈಹಾಕಿ ಮೇಲಕ್ಕೆಳೆದರು. ಭಾರದ ಆಳು. ಗಾಳಿಗೆ ಬಂದ ಮೇಲೆ ಅವನು ಕೆಮ್ಮಿದ. ಆ ಕೆಮ್ಮು ಕೇಳಿದ ಮೇಲೆಯೇ ಮೈದುನ ಅವನ ಕಂಕುಳಿನಿಂದ ಕೈ ತೆಗೆದ.

ಡ್ರೈವರನ್ನು ಆಂಬುಲೆನ್ಸಿಗೆ ಹತ್ತಿಸಿ, ಉಳಿದದ್ದನ್ನು ಅಗ್ನಿಶಾಮಕ ದಳದವರು ನೋಡಿಕೊಂಡರು. ಅಷ್ಟರಲ್ಲಿ ಮಾಲೀಕರು ಬಂದು ಅತ್ತಿಗೆಯನ್ನು ಪಕ್ಕಕ್ಕೆ ಕರೆದರು.

"ಇದನ್ನ ದೊಡ್ಡದು ಮಾಡೋದು ಬೇಡಮ್ಮ."

"ನಾನು ಮಾಡೋದೇನಿದೆ ಸರ್, ಆಗಲೇ ಬೀದಿವರೆಗೆ ದೊಡ್ಡದಾಗಿದೆ. ನಡೆದಿದ್ದು ನಡೆದ ಹಾಗೇ ಹೇಳ್ತೀನಿ. ಕೋಣೆ ಭರ್ತಿ ಇದೆ ಅಂದ್ರೂ ಲಾರಿ ತರಿಸಿದ್ರಿ. ಇನ್ಮೇಲೆ ಜಾಗ ಇದೆ ಅಂತ ನಾನು ಹೇಳದೆ ಗೇಟು ತೆರೆಯಲ್ಲ."

ಮಾಲೀಕರು ಆಂಬುಲೆನ್ಸಿನತ್ತ ನೋಡಿದರು. "ಆಯ್ತಮ್ಮ" ಎಂದರು.

ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದರು. ಮೈದುನ ಡ್ರೈವರಿನ ಮಂಚದ ಪಕ್ಕ ನಿಂತು ತನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಿದ.

"ಸಿಟ್ಟು ಬರ್ತಿದೆ ಕಣಪ್ಪ. ಬೈಯೋಕೆ ಗಂಟಲಿಲ್ಲ. ಎರಡು ದಿನ ಬಿಟ್ಟು ಬಾ" ಎಂದ ಡ್ರೈವರ್.

ಹೊರಬಂದ ಮೇಲೆ ಅತ್ತಿಗೆ ಹೇಳಿದಳು: "ಸದ್ಯಕ್ಕೆ ಫೋರ್ಕ್‌ಲಿಫ್ಟ್ ಮುಟ್ಟಬೇಡ. ನಾಳೆಯಿಂದ ಹೊಸಬರಿಗೆ ಪಾಠ ನಿಂದು. ಇವತ್ತಿನದನ್ನೇ ಹೇಳು."

"ಎಲ್ಲಾನೂ?"

"ಹಸಿವಾಗಿತ್ತು ಅನ್ನೋದರಿಂದ ಶುರು ಮಾಡು. ಅವರಿಗೂ ಹಸಿವಾಗುತ್ತೆ."

ಮೈದುನ ತಲೆಯಾಡಿಸಿದ. ಇಬ್ಬರೂ ಮನೆಯ ಕಡೆ ಹೆಜ್ಜೆ ಹಾಕಿದರು.