ಹೊಗಳಿದ ಬಾಯಿ

ಮಗನನ್ನು ಹೊಗಳುವುದರಲ್ಲಿ ಪುಷ್ಪಾಳನ್ನು ಮೀರಿಸುವವರು ಹಲಗೂರಿನ ಸುತ್ತಮುತ್ತ ಯಾರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೇಮಂತನೇ ಗದ್ದೆ ನೋಡಿಕೊಂಡ, ಸ್ಕೂಲಿಗೂ ಹೋದ. ಅದನ್ನು ನೆಂಟರಿಗೆ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದಳು, ಕೊನೆಗೆ ಸರ್ಕಾರದ ಆಫೀಸರಮ್ಮನಿಗೂ ಹೇಳಿದಳು. ಕೆಟ್ಟದ್ದು ಅಲ್ಲೇ.

ಜಗಳ ಆದದ್ದು ನಾಲೆ ನೀರಿನ ಸರದಿಗೆ. ಪಕ್ಕದ ಗದ್ದೆಯ ಜವರಯ್ಯ ತೂಬು ಮುಚ್ಚಿದ, ಹೇಮಂತನೂ ಅವನ ಗೆಳೆಯರಾದ ಶಿವು, ಗಗನರೂ ತೆಗೆದರು, ಅವನು ಹೇಮಂತನ ಕೆನ್ನೆಗೆ ಬಾರಿಸಿದ. ಮೂವರು ಹುಡುಗರೂ ಸೇರಿ ಗುದ್ದಲಿ ಕಾವಿನಲ್ಲಿ ಬಡಿದರು. ಮಂಡ್ಯದ ಆಸ್ಪತ್ರೆ ಸೇರುವ ಮೊದಲೇ ಜವರಯ್ಯನ ಉಸಿರು ನಿಂತಿತ್ತು.

ಕೊಲೆ ಒಂದೇ, ಶಿಕ್ಷೆ ಮೂರು ತರ. ಆಗಷ್ಟೇ ಹದಿನೆಂಟು ತುಂಬಿದ್ದ ಶಿವುಗೆ ಜೀವಾವಧಿ, ನೇರ ಜೈಲು. ಹದಿನೇಳರ ಗಗನನಿಗೆ ಬಾಲಕರ ಗೃಹದಲ್ಲಿ ಮೂರು ವರ್ಷ. ಅದೇ ಹದಿನೇಳರ ಹೇಮಂತನನ್ನು ಮಾತ್ರ ದೊಡ್ಡವರಂತೆ ವಿಚಾರಣೆ ಮಾಡಿದರು. ಅವನಿಗೂ ಜೀವಾವಧಿಯೇ, ಆದರೆ ಇಪ್ಪತ್ತೊಂದು ತುಂಬುವ ತನಕ ಹುಡುಗರ ಜೊತೆ ಇಟ್ಟು, ತಿದ್ದಿಕೊಂಡಿದ್ದರೆ ಮನೆಗೆ ಕಳಿಸುವುದು, ಇಲ್ಲದಿದ್ದರೆ ಜೈಲಿಗೆ.

ಯಾಕೆ ಹೀಗೆ ಅಂತ ಲಾಯರು ಆಮೇಲೆ ಬಿಡಿಸಿ ಹೇಳಿದ. ವಿಚಾರಣೆಗೆ ಮೊದಲು ಆಫೀಸರಮ್ಮ ಇಬ್ಬರ ಮನೆಗೂ ಬಂದಿದ್ದರಲ್ಲ, ಅದು ಹುಡುಗರಿಗೆ ದೊಡ್ಡವರ ತಿಳಿವಳಿಕೆ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ. ಗಗನನ ತಾಯಿ ಶೋಭಾರಾಣಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಈಗ್ಲೂ ನಾನೇ ಕರ್ದು ಅನ್ನ ಇಕ್ಬೇಕು ಮೇಡಂ, ಅದ್ಕೇನೂ ತಿಳಿಯಾಕಿಲ್ಲ" ಅಂದಿದ್ದಳು. ಪುಷ್ಪಾ ಏನು ಕಡಿಮೆಯೇ? ಕಾಫಿ ಕೊಟ್ಟು ಕೂರಿಸಿ, "ನನ್ ಮಗ ಉಡುಗ ಅಲ್ಲ ಮೇಡಂ, ಮನೆ ಯಜಮಾನ. ಕಬ್ಬಿನ ಯಾಪಾರ ಎಲ್ಲಾ ಅವುಂದೇ. ಇಂದುಮುಂದು ನೋಡ್ದೆ ಒಂದೆಜ್ಜೆ ಇಕ್ಕಾಕಿಲ್ಲ" ಅಂದಿದ್ದಳು. ಒಳ್ಳೆಯ ಮಾತು ಒಳ್ಳೆಯದು ಮಾಡೀತು ಅಂತ ನಂಬಿದ್ದ ಹೆಂಗಸು. ಲಾಯರು ಹೇಳಿ ಮುಗಿಸಿದಾಗ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಹೇಮಂತ ಬಾಲಕರ ಗೃಹದಲ್ಲಿ ಯಾರೊಡನೆಯೂ ಬಾಯಿ ಬಿಡುತ್ತಿರಲಿಲ್ಲ. ಏನಿದ್ದರೂ ಅವ್ವನ ಹತ್ತಿರವೇ. ಅವಳು ನೋಡಲು ಹೋದಾಗಲೆಲ್ಲ ಒಂದೇ ಮಾತು.

"ಅವ್ವ, ಮಾಯಮ್ಮುನ್ ತಾವ ಓಗಿದ್ಯಾ? ತೆಪ್ಪಾಯ್ತು, ಕಾಲಿಗ್ ಬೀಳ್ತೀನಿ ಅಂದ ಅಂತ ಏಳವ್ವ."

"ಓಯ್ತೀನಿ ಕಣಪ್ಪ."

ಮಾಯಮ್ಮ ಜವರಯ್ಯನ ಹೆಂಡತಿ. ಮನೆ ಪಕ್ಕದ ಬೀದಿಯಲ್ಲೇ. ಆದರೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಮಾಯಮ್ಮನ ನೆರಳು ಕಂಡರೂ ಪುಷ್ಪಾ ಬೇರೆ ದಾರಿ ಹಿಡಿಯುತ್ತಿದ್ದಳು. ಮುಂದಿನ ವಾರ, ಹಬ್ಬ ಕಳೆದ ಮೇಲೆ, ಅಂತಂತಲೇ ವರ್ಷಗಳು ಉರುಳಿದವು.

ಇಪ್ಪತ್ತೊಂದು ಹತ್ತಿರ ಬಂದಾಗ ಇನ್ನೊಬ್ಬ ಆಫೀಸರಮ್ಮ ಬಂದರು. ಈ ಸಲ ಪುಷ್ಪಾ ಹುಷಾರಾಗಿದ್ದಳು. ಕಾಫಿ ಕೊಟ್ಟಳು, ಹೊಗಳಿಕೆ ಕೊಡಲಿಲ್ಲ.

"ಮಾಡಿದ್ದರ ಬಗ್ಗೆ ಮಗ ಏನಾದರೂ ಹೇಳ್ತಾನಾ? ಸತ್ತವರ ಮನೆಯವರನ್ನ ಕೇಳ್ತಾನಾ?"

"ಅವುನ್ಗೇನ್ ಗೊತ್ತು ಮೇಡಂ, ಇನ್ನೂ ಎಳೇ ಮಗ. ಒಂದಿನಾನೂ ಅವ್ರ ಎಸ್ರು ಎತ್ತಿಲ್ಲ."

"ಯೋಚನೆ ಮಾಡಿ ಹೇಳಿ."

"ಇಲ್ಲ ಅಂದ್ರೆ ಇಲ್ಲ ಕಣಮ್ಮ."

ಅವರು ಹೋದ ಮೇಲೆ, ಸದ್ಯ ಈ ಸಲ ಬಾಯಿ ಕಟ್ಟಿದೆ ಅಂತ ನೆಮ್ಮದಿಯಾಗಿ ಊಟ ಮಾಡಿದಳು, ಪಾಪ.

ಕೋರ್ಟು ಅವನನ್ನು ಮೈಸೂರಿನ ಜೈಲಿಗೆ ಕಳಿಸಿತು. ಆದೇಶದಲ್ಲಿ ಇನ್ನೇನೇನು ಇತ್ತೋ, ಪುಷ್ಪಾಗೆ ಕೇಳಿಸಿದ್ದು ಒಂದೇ ಮಾತು: ಪಶ್ಚಾತ್ತಾಪ ಕಾಣುವುದಿಲ್ಲ. ಮೊದಲು ನೋಡಿದ್ದು ಮಗನ ತಲೆ ಬಲಿತಿದೆಯೇ ಅಂತ, ಈಗ ನೋಡಿದ್ದು ಮನಸ್ಸು ಬಲಿತಿದೆಯೇ ಅಂತ. ಇವಳು ಅಲ್ಲಿ ಹೇಳಬಾರದ್ದನ್ನು ಹೇಳಿದ್ದಳು, ಇಲ್ಲಿ ಹೇಳಬೇಕಾದ್ದನ್ನು ನುಂಗಿದ್ದಳು.

ಜೈಲಿನಲ್ಲಿ ಜಾಲರಿಯ ಆಚೆ ನಿಂತ ಹೇಮಂತ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಓಗ್ಲಿ ಬುಡವ್ವ. ಮಾಯಮ್ಮುನ್ ಮನೆಗಾದ್ರೂ ಓಗಿದ್ಯಾ?"

ಹಲಗೂರಿನಲ್ಲಿ ಬಸ್ಸು ಇಳಿದವಳು ತನ್ನ ಮನೆಗೆ ಹೋಗಲಿಲ್ಲ. ಮಾಯಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಪುಷ್ಪಾ ಕಾಲು ಹಿಡಿದು, ಮಗ ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದಳು.

"ಯಾವಾಗ ಅಂದ?"

"ಮೊದ್ಲಿಂದಾನೂ ಅಂತಾನೇ ಅವ್ನೆ ಕಣಕ್ಕ. ನಾನೇ ಬರ್ನಿಲ್ಲ."

ಮಾಯಮ್ಮ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಮೊರಕ್ಕೆ ಹಾಕಿದಳು.

"ಆ ಆಫೀಸರಮ್ಮ ನನ್ ತಾವ್ಕೂ ಬಂದಿದ್ರು. ಉಡುಗ ಒಂದ್ ಮಾತಾದ್ರೂ ಏಳ್ ಕಳ್ಸವ್ನಾ ಅಂತ ಕೇಳುದ್ರು. ಇಲ್ಲ ಅಂದೆ. ನಾನೂ ಅದ್ನೇ ಕಾಯ್ತಾ ಕೂತಿದ್ದೆ ಕಣೆ ಪುಷ್ಪಾ."