ಮೂರನೇ ಮಹಡಿಯ ನಿಲುವಂಗಿ

ಇಂಗ್ಲೆಂಡಿನ ಯಾರ್ಕ್‌ಷೈರಿನ ಆರ್ಲ್‌ಬಿ ಬಂಗಲೆಯ ಯಜಮಾನರ ಹೆಂಡತಿ ಸತ್ತು ಹತ್ತು ವರ್ಷವಾಯಿತೆಂದು ಊರೆಲ್ಲ ನಂಬಿತ್ತು. ಆದರೂ ಪ್ರತಿ ಸೋಮವಾರ ಮೂರನೇ ಮಹಡಿಯಿಂದ ಹೆಂಗಸಿನ ನಿಲುವಂಗಿಯೊಂದು ಒಗೆಯಲು ಬರುತ್ತಿತ್ತು. ತೋಳಿನ ತುದಿಗಳಲ್ಲಿ ಹಗ್ಗ ಉಜ್ಜಿ ಆದ ಗಾಯದ ರಕ್ತದ ಕಲೆ ಇರುತ್ತಿತ್ತು. ಬಟ್ಟೆ ಒಗೆಯುವ ಡಾರ್ಕಸ್ ಯಾರನ್ನೂ ಏನೂ ಕೇಳದೆ ಕಲೆ ತೆಗೆದು, ಆ ತುದಿಗಳಿಗೆ ಒಳಗಿನಿಂದ ಮೆತ್ತನೆಯ ಫ್ಲಾನೆಲ್ ಬಟ್ಟೆ ಹೊಲಿದು ಕಳಿಸುತ್ತಿದ್ದಳು.

ಮನೆಯ ಉಸ್ತುವಾರಿ ನೋಡುವ ಮಿಸೆಸ್ ಓರಕ್ ಒಂದು ದಿನ ಅದನ್ನು ಕಂಡಳು.

"ಯಾರಿಗೇ ಹೊಲೀತಿದ್ದೀಯ ಇದನ್ನ? ದೆವ್ವಕ್ಕಾ?"

"ದೆವ್ವಕ್ಕೆ ಕೈ ನೋಯುತ್ತಾ, ಅಮ್ಮಾ?"

"ನಾಲಿಗೆ ಉದ್ದ ಆಯ್ತು ನಿಂದು. ಮೇಲೆ ಯಾರೂ ಇಲ್ಲ. ಇನ್ನೊಂದ್ ಸಲ ಹೊಲಿದ್ರೆ ಗಂಟುಮೂಟೆ ಕಟ್ಕೊಂಡು ಹೊರಡು."

ಮುಂದಿನ ಸೋಮವಾರ ಬಂದ ಅಂಗಿಯ ಫ್ಲಾನೆಲ್ ಮೇಲೆ ಉದ್ದನೆಯ ನರೆಗೂದಲಿನಿಂದ ಹೊಲಿದ ಅಕ್ಷರಗಳಿದ್ದವು. ಡಾರ್ಕಸ್ ಬೆಳಕಿಗೆ ಹಿಡಿದು ಓದಿದಳು. ಅದು ಅವಳದೇ ಹೆಸರು. ಅವಳು ಒಮ್ಮೆಯೂ ಮೇಲೆ ಹೋದವಳಲ್ಲ. ಅವಳ ಹೆಸರನ್ನು ಅಲ್ಲಿ ಯಾರು ಹೇಳಿಯಾರು?

ಆಮೇಲೆ ಅವಳ ಕಣ್ಣು, ಒಗೆಯುವ ಕೋಣೆಯ ಇನ್ನೂ ಹಚ್ಚದ ಒಲೆಯ ಮೇಲೆ ಹೊಗೆ ಹೋಗುವ ಚಿಮಣಿಗೆ ಹೋಯಿತು. ಅದು ಮೂರನೇ ಮಹಡಿಯ ಗೋಡೆಯೊಳಗೇ ಹಾದು ಹೋಗುತ್ತಿತ್ತು. ತಾವು ಆಳುಗಳು ಇಲ್ಲಿ ಆಡಿದ ಮಾತು, ಮೇಲೆ ದೆವ್ವವಿದೆಯೆಂದು ನಕ್ಕ ನಗೆ, ಎಲ್ಲವನ್ನೂ ಅಲ್ಲಿ ಒಬ್ಬರು ಕೂತು ಕೇಳುತ್ತಿದ್ದರು.

ಡಾರ್ಕಸ್ ಸೂಜಿಗೆ ದಾರ ಪೋಣಿಸಿಕೊಂಡು ಒಲೆಯತ್ತ ಬಗ್ಗಿದಳು.

"ಈ ಸಲ ಎರಡು ಪದರ ಹಾಕ್ತೀನಮ್ಮ," ಎಂದಳು ಮೆಲ್ಲಗೆ.

ತುಂಬ ಹೊತ್ತಿನ ಮೇಲೆ ಚಿಮಣಿಯೊಳಗೆ ಯಾರೋ ನಿಟ್ಟುಸಿರು ಬಿಟ್ಟರು. ತಣ್ಣನೆಯ ಬೂದಿಯ ಮೇಲೆ ಒಂದಿಷ್ಟು ಮಸಿ ಉದುರಿತು.