ಹಿಂಡಿ ಅಂಗಡಿಯ ಉದ್ದ ಮೇಜು

ಆ ಸೋಮವಾರ ಬೆಳಿಗ್ಗೆ ದುರ್ಗಿಗುಡಿಯಲ್ಲಿ ಎಂಥ ಮಂಜು ಬಿದ್ದಿತ್ತೆಂದರೆ, ಹಾಲಿನವನ ಸೈಕಲ್ ಬೆಲ್ಲು ಕೇಳಿಸುತ್ತಿತ್ತು, ಹಾಲಿನವನು ಕಾಣುತ್ತಿರಲಿಲ್ಲ. ಮಾಘದ ಮಂಜು. ತುಂಗೆಯ ಕಡೆಯಿಂದ ಎದ್ದು, ಬೀದಿಗೆ ಬಂದು, ಬೀದಿಯಿಂದ ಮಹಡಿ ಹತ್ತಿ, ತನುಜಾಳ ಕಿಟಕಿಯ ಸರಳಿಗೆ ಹನಿಯಾಗಿ ಜೋತುಬಿದ್ದಿತ್ತು. ಅವಳಿಗೆ ಜ್ವರ. ಸ್ನಾನಕ್ಕೆ ಶಕ್ತಿಯಿರಲಿಲ್ಲ. ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ, ಹಾಸಿಗೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಸುಡುವ ಅಂಗೈಗೆ ಲಿಂಗ ತಣ್ಣಗಿತ್ತು. ಕೇಳಿಕೊಳ್ಳಬೇಕು ಅನ್ನಿಸಿತು. ಏನು ಕೇಳಿಕೊಳ್ಳಬೇಕೋ ತಿಳಿಯಲಿಲ್ಲ. ಅವಳಿಗೆ ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿರಲಿಲ್ಲ, ಶಿವನ ಹತ್ತಿರವೂ.

ಕೆಳಗೆ ಅಂಗಡಿಯ ಶಟರಿಗೆ ಯಾರೋ ಮೈ ಉಜ್ಜುವ ಸದ್ದಾಯಿತು. ಬಸಣ್ಣ ಬಂದಿದ್ದ. ಬಸಣ್ಣ ಎಂದರೆ ಬೀದಿಯ ಬಿಳಿ ಗೂಳಿ. ಅಪ್ಪ ಉಜ್ಜನಪ್ಪ ಆ ಜಾಗದಲ್ಲಿ ಹಿಂಡಿ, ಬೂಸಾ, ಹತ್ತಿಕಾಳು ಮಾರುತ್ತಿದ್ದಾಗ, ಬಾಗಿಲು ತೆಗೆದವನೇ ಮೊದಲು ಒಂದು ಬೊಗಸೆ ಹಿಂಡಿಯನ್ನು ಗೂಳಿಯ ಬಾಯಿಗಿಟ್ಟು ಆಮೇಲೆ ತಕ್ಕಡಿ ಮುಟ್ಟುತ್ತಿದ್ದ. ಅಪ್ಪ ಶಿವೈಕ್ಯನಾದ. ಅಂಗಡಿ ಮುಚ್ಚಿತು. ಬಸಣ್ಣನಿಗೆ ಅದನ್ನು ಯಾರು ಹೇಳಬೇಕು? ಅವನು ಬರುತ್ತಲೇ ಇದ್ದ. ತನುಜಾ ಬಾಗಿಲ ಹಿಂದೆ ಒಂದು ಡಬ್ಬದಲ್ಲಿ ಹಿಂಡಿ ಇಟ್ಟುಕೊಂಡು ಕೊಡುತ್ತಲೇ ಇದ್ದಳು. ಇವತ್ತು ಮೆಟ್ಟಿಲಿಳಿಯಲು ಕಾಲು ಏಳಲಿಲ್ಲ.

ಅದೂ ಅಲ್ಲದೆ, ಇವತ್ತು ತಮ್ಮ ರುದ್ರೇಶ್ ಬರುವವನಿದ್ದ. ಅಂಗಡಿ ಇಬ್ಬರ ಹೆಸರಿನಲ್ಲೂ ಇತ್ತು. ಮೊಬೈಲ್ ಅಂಗಡಿಯವರೊಬ್ಬರು ಬಾಡಿಗೆಗೆ ಕೇಳಿದ್ದರು, ಅಳತೆ ಹಿಡಿಯಲು ಅವರನ್ನು ಕರೆದುಕೊಂಡೇ ಬರುತ್ತೇನೆ ಎಂದಿದ್ದ. "ಅಕ್ಕ ಮಾರಾಯ್ತಿ, ಒಂದು ವರ್ಷ ಸುಮ್ನಿದ್ದೆ. ನೀನು ಪ್ರಾಣಿ ನೋಡ್ಕೊಳ್ಳೋರಿಗೆ ಅಂತ ಮೇಜು ಹಾಕ್ಸಿದೆ. ಅಲ್ಲಿಗೆ ಪ್ರಾಣಿ ಬರ್ತಾವೆ, ಜನ ಬರಲ್ಲ," ಎಂದು ಫೋನಿನಲ್ಲಿ ನಕ್ಕಿದ್ದ. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದದ್ದು ನಿಜವೊಂದೇ. ಅದಕ್ಕೇ ಅವಳಿಗೆ ಹೆಚ್ಚು ನಾಟಿತ್ತು.

ಮೇಜಿನ ಕತೆ ಹೀಗೆ. ಬೀದಿಯ ಮೂಕಪ್ರಾಣಿಗಳಿಗಾಗಿ ಓಡಾಡುವವರು ಈ ಸೀಮೆಯಲ್ಲಿ ಕೆಲವರಿದ್ದಾರೆ, ಒಬ್ಬೊಬ್ಬರೂ ಒಂಟಿ. ವಕೀಲಿ ಕಲಿತ ಸ್ಫೂರ್ತಿ, ಎತ್ತಿಗೆ ಹೊಡೆದವರ ಮೇಲೆ, ನಾಯಿಗೆ ವಿಷ ಹಾಕಿದವರ ಮೇಲೆ ದೂರು ಬರೆಯುತ್ತಿದ್ದುದು ಸ್ಕೂಟರಿನ ಸೀಟಿನ ಮೇಲೆ ಕಾಗದವಿಟ್ಟುಕೊಂಡು. ಸೋಗಾನೆಯ ಗುರು ಎಂಬವನು ಜನರ ಮನೆಗಳಿಗೆ ಹೊಕ್ಕ ಹಾವುಗಳನ್ನು ಹಿಡಿದು ಕಾಡಿಗೆ ಬಿಡುವವನು. ಅವನ ಕೋಲು, ಚೀಲಗಳನ್ನು ಕಂಡರೆ ತಾಯಿ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಭದ್ರಾವತಿಯ ಕರಿಯಣ್ಣ ಕಾರ್ಖಾನೆಯಿಂದ ನಿವೃತ್ತನಾದವನು, ಖಾಲಿಯಾದ ಕ್ವಾರ್ಟರ್ಸಿನಲ್ಲಿ ಉಳಿದುಹೋದ ನಾಯಿಗಳಿಗೆ ಅನ್ನ ಬೇಯಿಸುವವನು. ಇವರೆಲ್ಲ ಕೂರಲು, ಬರೆಯಲು, ಔಷಧಿ ಇಡಲು ಒಂದು ಜಾಗ ಇರಲಿ ಎಂದು ತನುಜಾ ಅಪ್ಪನ ಅಂಗಡಿಗೆ ಸುಣ್ಣ ಹೊಡೆಸಿ, ಹಲಸಿನ ಹಲಗೆಯ ಉದ್ದ ಮೇಜು ಹಾಕಿಸಿ, ಕುರ್ಚಿ, ಫ್ರಿಜ್ಜು, ವೈಫೈ ಎಲ್ಲ ಇಟ್ಟಳು. ಊರೂರಲ್ಲಿ ಈಗ ಇದನ್ನು ಕೋವರ್ಕಿಂಗ್ ಅಂತಾರೆ ಎಂದು ಸ್ಫೂರ್ತಿ ಹೇಳಿದ್ದಳು. ಮೊದಲು ಪ್ರಾಣಿ ನೋಡಿಕೊಳ್ಳುವವರ ಜಾಗ ಎಂದು ಬೋರ್ಡನ್ನೂ ಹಾಕಿಸಿದ್ದುಂಟು. ಮರುದಿನವೇ ಬಾಗಿಲಲ್ಲಿ ಒಂದು ಬುಟ್ಟಿ ಬೆಕ್ಕಿನ ಮರಿ, ಅದರ ಮರುದಿನ ಕುಂಟ ಆಡು. ಅವಕ್ಕೆ ನೆಲೆ ಹುಡುಕಿ, ಬೋರ್ಡನ್ನು ಇಳಿಸಿ ಒಳಗಿಟ್ಟಳು.

ಬಾಡಿಗೆ ಬೇಡ, ಮುಯ್ಯಿ ಸಾಕು ಎಂದಳು. ಅಜ್ಜಿ ಮಹಾಂತಮ್ಮನ ಊರಲ್ಲಿ ನಾಟಿಯ ಕಾಲಕ್ಕೆ ಹಾಗೇ ನಡೆಯುತ್ತಿತ್ತು: ಇವತ್ತು ನಾನು ನಿಮ್ಮ ಗದ್ದೆಗೆ ಬರುತ್ತೇನೆ, ನಾಳೆ ನೀವು ನಮ್ಮ ಗದ್ದೆಗೆ ಬನ್ನಿ. ಕೂಲಿಯಿಲ್ಲ, ಬರೆದಿಡುವುದಿಲ್ಲ. ಒಮ್ಮೆ ಕಾಲು ಬಾತು ಕುಂಬಳಕಾಯಿಯಾಗಿದ್ದರೂ ಅಜ್ಜಿ ಕೆಸರಿಗಿಳಿದು ಮುಯ್ಯಿ ತೀರಿಸಿ ಬಂದಿದ್ದಳಂತೆ. ಹಾಗೆಯೇ ಇಲ್ಲೂ ಒಬ್ಬರಿಗೆ ಅಡಚಣೆಯಾದರೆ ಇನ್ನೊಬ್ಬರು ಹೋಗುವುದು, ಆಮೇಲೆ ಅವರು ಬರುವುದು. ಎಲ್ಲರೂ ಒಪ್ಪಿದರು. ಎಲ್ಲರಿಗೂ ಒಂದೊಂದು ಕೀ ಮಾಡಿಸಿ ಕೊಟ್ಟಳು.

ಎಡವಟ್ಟಾದದ್ದು ಅಲ್ಲೇ. ಈ ಜನ ಕರೆದರೆ ಹೋಗುವವರು, ಕರೆಯುವವರಲ್ಲ. ಯಾರೂ ಕರೆಯಲಿಲ್ಲ, ಹಾಗಾಗಿ ಯಾರೂ ಹೋಗಲಿಲ್ಲ. ಮುಯ್ಯಿ ಎಂಬುದು ಒಬ್ಬರಾದರೂ ಕೇಳಿದರಲ್ಲವೇ ತಿರುಗುವುದು? ಕೀಗಳು ಅವರವರ ಜೇಬಿನಲ್ಲೇ ಉಳಿದವು. ತನುಜಾ ದಿನಾ ಬೆಳಿಗ್ಗೆ ಮೇಜು ಒರೆಸಿ, ಸಂಜೆ ಮತ್ತೆ ಒರೆಸುತ್ತಿದ್ದಳು. ಧೂಳು ಕೂತಿರುತ್ತಿತ್ತು, ಮನುಷ್ಯರು ಕೂತಿರುತ್ತಿರಲಿಲ್ಲ.

ಕಾರ್ತಿಕದಲ್ಲಿ ಕರಿಯಣ್ಣನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅವನು ಹೇಳಲಿಲ್ಲ. ಬೇರೆ ಯಾರಿಂದಲೋ ತಿಳಿದು ತನುಜಾ ತಾನೇ ಬಸ್ಸು ಹತ್ತಿದಳು. ಅವನು ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಷ್ಟು ದಿನವೂ ಭದ್ರಾವತಿಗೆ ಹೋಗಿ ಅನ್ನ ಹಾಕಿ ಬಂದಳು. ಆ ಕ್ವಾರ್ಟರ್ಸಿನ ಓಣಿಯಲ್ಲಿ ಸಾಲು ಮನೆ, ಎಲ್ಲಕ್ಕೂ ಬೀಗ, ಬಾಗಿಲ ಚಿಲಕದವರೆಗೂ ಬಳ್ಳಿ. ಒಂದೊಂದು ಬಾಗಿಲ ಮುಂದೆ ಒಂದೊಂದು ನಾಯಿ. ಗುಂಪುಗೂಡುತ್ತಿರಲಿಲ್ಲ. ತನ್ನ ಮನೆಯ ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ಅನ್ನದ ಬಕೆಟ್ ಹೊತ್ತುಕೊಂಡು ಒಂದೊಂದೇ ಜಗಲಿಗೆ ಹೋಗಬೇಕಾಗುತ್ತಿತ್ತು. ಎಲ್ಲಕ್ಕೂ ಒಂದೇ ಕಡೆ ಹಾಕಿದರೆ ಬರುವುದಿಲ್ಲವೇ ಎಂದು ಅವಳು ಕರಿಯಣ್ಣನನ್ನು ಕೇಳಿದ್ದಳು.

"ಬರಲ್ಲ ತನುಜಮ್ಮ," ಎಂದಿದ್ದ ಅವನು. "ಅನ್ನಕ್ಕೆ ಅಂತ ಈ ಕಡೆ ಬಂದಾಗ ಮನೆಯೋರು ಆ ಕಡೆ ಬಂದುಬಿಟ್ರೆ ಅಂತ."

ಅವತ್ತು ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಅತ್ತಿದ್ದಳು. ನಾಯಿಗಳಿಗಾಗಿ ಎಂದುಕೊಂಡೇ ಅತ್ತಳು. ದುರ್ಗಿಗುಡಿ ತಲುಪಿ ಶಟರ್ ಎತ್ತಿ ಖಾಲಿ ಕುರ್ಚಿಗಳನ್ನು ಕಂಡಾಗ, ತಾನೂ ಒಂದು ಜಗಲಿಯ ಮೇಲೆ ಕೂತವಳೇ ಎಂದು ಹೊಳೆಯಿತು.

ಈಗ ಜ್ವರದಲ್ಲಿ ಅದೇ ನೆನಪು. ಫೋನನ್ನು ಕೈಗೆ ತೆಗೆದುಕೊಂಡಳು. ಸ್ಫೂರ್ತಿಯ ಹೆಸರು ಕಂಡಿತು, ಕೆಳಗೆ ಬಸಣ್ಣನಿಗೆ ಒಂದು ಬೊಗಸೆ ಹಿಂಡಿ ಹಾಕಿ ಹೋಗ್ತೀಯಾ ಎಂದರೆ ಸಾಕಿತ್ತು. ಪಾಪ, ಅವಳಿಗೆ ಕೋರ್ಟಿರುತ್ತೆ ಎಂದು ಫೋನನ್ನು ದಿಂಬಿನ ಕೆಳಗಿಟ್ಟಳು.

ಆಗ ಶಟರ್ ಎತ್ತಿದ ಸದ್ದಾಯಿತು.

ರುದ್ರೇಶ್ ಬಂದ ಎಂದುಕೊಂಡಳು. ಇಷ್ಟು ಬೇಗ. ಇನ್ನು ಟೇಪು ಎಳೆಯುತ್ತಾರೆ, ಮೇಜನ್ನು ಎಲ್ಲಿಗೆ ಹಾಕುವುದು ಎಂದು ಮಾತಾಡುತ್ತಾರೆ. ಗೋಡೆಗೆ ಮುಖ ಮಾಡಿ ಮಲಗಿ ಕಾದಳು. ಟೇಪಿನ ಸದ್ದಿಲ್ಲ. ಡಬ್ಬದ ಮುಚ್ಚಳ ತೆಗೆದ ಸದ್ದು. ಗೂಳಿ ಮೂಸಿ ಉಸಿರುಬಿಟ್ಟ ಸದ್ದು. ಆಮೇಲೆ ಪೊರಕೆ. ಆಮೇಲೆ ಕುರ್ಚಿಯೊಂದನ್ನು ಎಳೆದುಕೊಂಡ ಸದ್ದು. ಆಮೇಲೆ ಏನೂ ಇಲ್ಲ.

ಅವಳು ಶಾಲು ಹೊದ್ದು ಗೋಡೆ ಹಿಡಿದುಕೊಂಡು ಇಳಿದಳು. ಬಾಗಿಲಿನವರೆಗೂ ಮಂಜು ಬಂದಿತ್ತು. ಮೇಜಿನ ತುದಿಯಲ್ಲಿ ಕರಿಯಣ್ಣ ಕೂತಿದ್ದ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಿಂಡಿ ಚೀಲಗಳನ್ನು ಕತ್ತರಿಸಿ ನಾಯಿಗಳ ಚಳಿಗೆ ಹಾಸುಗಳನ್ನು ಮಾಡುತ್ತಿದ್ದ.

"ಯಾವಾಗ ಬಂದ್ರಿ ಕರಿಯಣ್ಣ?"

"ಫಸ್ಟ್ ಬಸ್ಸಿಗೆ. ಮಂಜಲ್ಲಿ ತೆವಳ್ಕೊಂಡು ಬಂತು. ಬಾಗ್ಲು ಹಾಕಿತ್ತು, ಬಸಣ್ಣ ನಿಂತಿದ್ದ. ನೀವು ಕೀ ಕೊಟ್ಟಿದ್ರಲ್ಲ, ತೆಗ್ದೆ."

"ಅಲ್ಲಿ ನಾಯಿಗಳಿಗೆ?"

ಅವನು ಕತ್ತರಿ ಕೆಳಗಿಟ್ಟ. ತಪ್ಪು ಮಾಡಿದವನ ಹಾಗೆ ಮೇಜನ್ನೇ ನೋಡಿದ. "ಗುರು ಹೋಗಿದಾನೆ. ನಾನೇ ಕೇಳ್ದೆ. ನಿನ್ನೆ ಇಡೀ ದಿನ ಫೋನ್ ಎತ್ಕೊಳ್ಳೋದು, ಇಡೋದು, ಎತ್ಕೊಳ್ಳೋದು, ಇಡೋದು. ನಾಚಿಕೆ ಆಗುತ್ತೆ ಅಮ್ಮ, ಯಾರನ್ನೂ ಕೇಳಿದ್ದಿಲ್ಲ ನೋಡಿ. ಕೊನೆಗೆ ಕೇಳಿದ್ರೆ ಅವ್ನೇನಂದ ಗೊತ್ತಾ? 'ಇಷ್ಟು ದಿನ ಯಾಕೆ ಕೇಳ್ಲಿಲ್ಲ ಮಾರಾಯ್ರೇ, ಕಾಯ್ತಾ ಇದ್ದೆ' ಅಂದ."

ತನುಜಾ ಕುರ್ಚಿ ಹಿಡಿದು ಕೂತಳು.

"ನಿಮ್ಮ ಮುಯ್ಯಿ ನನ್ನ ಮೇಲೆ ಹಂಗೇ ಉಳ್ಕೊಂಡಿದೆ," ಎಂದ ಕರಿಯಣ್ಣ. "ನಿಮ್ದೇನು ಕೆಲ್ಸ ಇದೆ ಹೇಳಿ, ಮಾಡ್ತೀನಿ."

ಏನೂ ಇಲ್ಲ ಎನ್ನಲು ಬಾಯಿ ತೆರೆದಳು. ಅದೇ ಅವಳ ಅಭ್ಯಾಸದ ಮಾತು. ನಾಲಿಗೆಯ ತುದಿಯವರೆಗೂ ಬಂದ ಆ ಮಾತು ಅಲ್ಲೇ ನಿಂತಿತು. ಬೆಳಿಗ್ಗೆ ಲಿಂಗ ಹಿಡಿದು ಕೂತಾಗ ಸಿಗದಿದ್ದುದು ಈಗ ಸಿಕ್ಕಿತು.

"ಇವತ್ತು ಸಂಜೆ ತನಕ ಇಲ್ಲಿ ಕೂತಿರ್ತೀರಾ?" ಎಂದು ಕೇಳಿದಳು. "ಬೇರೇನೂ ಮಾಡೋದು ಬೇಡ."

"ಅಷ್ಟೇನಾ?" ಎಂದು ಅವನು ಮತ್ತೆ ಕತ್ತರಿ ಎತ್ತಿಕೊಂಡ.

ಮಂಜು ಹರಿದು ಬಿಸಿಲು ಬಿದ್ದ ಮೇಲೆ ರುದ್ರೇಶ್ ಬಂದ. ಹಿಂದೆ ಮೊಬೈಲ್ ಅಂಗಡಿಯವರು ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದರು. ರುದ್ರೇಶನ ಕೈಯಲ್ಲಿ ಅಳತೆಯ ಟೇಪಿತ್ತು. ಶಾಲು ಹೊದ್ದ ಅಕ್ಕನನ್ನೂ ಚೀಲ ಹೊಲಿಯುತ್ತಿದ್ದ ಮುದುಕನನ್ನೂ ನೋಡಿ ಹೊಸ್ತಿಲಲ್ಲೇ ನಿಂತ. ಇವರು ಯಾರು ಎಂದ.

"ಇಲ್ಲಿ ಕೆಲ್ಸ ಮಾಡೋರು," ಎಂದಳು ತನುಜಾ.

"ಒಬ್ರೇನಾ?"

"ಒಬ್ರು."

ಅವನು ಅವಳ ಹಣೆ ಮುಟ್ಟಿ ನೋಡಿದ. ಜ್ವರ ಬಂದದ್ದನ್ನು ಒಂದು ಮಾತು ಹೇಳಲಿಕ್ಕಾಗಲಿಲ್ಲವೇ ಎಂದು ಗದರಿದ. ಹೊರಗೆ ಹೋಗಿ ಕಾರಿನವರ ಜೊತೆ ಏನೋ ಮಾತಾಡಿದ. ಕಾರು ಹೋಯಿತು. ಒಳಗೆ ಬಂದು, ಯುಗಾದಿಯ ತನಕ ನೋಡೋಣ, ಆಮೇಲೂ ಹೀಗೇ ಇದ್ದರೆ ನೀನು ಹೂಂ ಅನ್ನಬೇಕು ಎಂದ. ಅವಳು ಆಗಲಿ ಎಂದಳು. ಟೇಪನ್ನು ಜೇಬಿಗೆ ಹಾಕಿಕೊಂಡು ಅವನು ಮಾತ್ರೆ ತರಲು ಹೋದ.

ದಿನ ಇಳಿಯಿತು. ಅವಳು ಮೇಜಿನ ಮೇಲೆ ತಲೆಯಿಟ್ಟು ಆಗಾಗ ಕಣ್ಣು ಮುಚ್ಚುತ್ತಿದ್ದಳು. ಕಣ್ಣು ಬಿಟ್ಟಾಗಲೆಲ್ಲ ಆ ತುದಿಯಲ್ಲಿ ಕತ್ತರಿಯ ಸದ್ದಿತ್ತು. ಉಳಿದ ಕುರ್ಚಿಗಳು ಖಾಲಿಯೇ ಇದ್ದವು. ಅವುಗಳ ನೆರಳು ಬೆಳೆದು ಗೋಡೆ ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಕರಿಯಣ್ಣ ಎದ್ದ. ಚೀಲದ ಚೂರುಗಳನ್ನೆಲ್ಲ ಗುಡಿಸಿದ. ಹಾಸುಗಳನ್ನು ಕಟ್ಟಿ ಹೆಗಲಿಗೇರಿಸಿದ. ಗೋಡೆಯ ಮೇಲಿದ್ದ ಉಜ್ಜನಪ್ಪನ ಫೋಟೋಕ್ಕೆ ಕೈ ಮುಗಿದ. ಕೀಯನ್ನು ಮೇಜಿನ ಮೇಲಿಡುತ್ತಾನೇನೋ ಎಂದು ತನುಜಾ ನೋಡಿದಳು. ಅವನು ಅದನ್ನು ಪಂಚೆಯ ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡ.

"ಒಂದು ದಿನದ್ದು ತೀರ್ತು," ಎಂದ ಮೆಲ್ಲಗೆ. "ಮಿಕ್ಕಿದ್ದಕ್ಕೆ ಬರ್ತೀನಿ."

ಕೂತಿದ್ದ ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಗೆ ಸರಿಸಿ, ಬಸ್ಸಿಗೆ ಹೊರಟ.